ಚಳಿಗೆ ನೋಯುವ ಗಂಟು, ಚಿಕ್ಕ ವಯಸ್ಸಿಗೇ ಫೈಬ್ರಾಯ್ಡ್: ಎರಡೂ ಇದ್ದರೆ ಮುಂದೇನು ಮಾಡಬೇಕು?

ಮೈಮೇಲೆ ಒಂದಷ್ಟು ಸಣ್ಣ ಗಂಟುಗಳು. ಒತ್ತಿದರೆ ನೋವು, ತಣ್ಣೀರು ಬಿದ್ದರೂ ನೋವು. ಅದೇ ಹೆಂಗಸಿಗೆ ಇಪ್ಪತ್ತೆಂಟು ಮೂವತ್ತು ವಯಸ್ಸಿಗೇ ಗರ್ಭಕೋಶದಲ್ಲಿ ಸಾಲುಸಾಲು ಫೈಬ್ರಾಯ್ಡ್, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆಗಳು. ಚರ್ಮದ ಡಾಕ್ಟರು ಗಂಟು ನೋಡಿ, "ಇದರಿಂದ ಅಪಾಯ ಇಲ್ಲ" ಅನ್ನುತ್ತಾರೆ. ಸ್ತ್ರೀರೋಗ ತಜ್ಞರು ಸ್ಕ್ಯಾನ್ ನೋಡಿ, "ಫೈಬ್ರಾಯ್ಡ್ ಬಹಳ ಜನರಿಗೆ ಇರುತ್ತೆ ಬಿಡಿ" ಅನ್ನುತ್ತಾರೆ. ಇಬ್ಬರು ಹೇಳಿದ್ದೂ ನಿಜವೇ. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಇಲ್ಲದಿದ್ದರೆ ಮೂರನೆಯ ವಿಷಯವೊಂದು ಕೈತಪ್ಪುತ್ತದೆ. ಅದು ಕಿಡ್ನಿ.

ಈ ಮೂರಕ್ಕೂ ಮೂಲವಾದ, ವಂಶದಲ್ಲಿ ಇಳಿದು ಬರುವ ಅಪರೂಪದ ಕಾಯಿಲೆಯೊಂದಿದೆ. ಅದರ ಹೆಸರು ಹೆರೆಡಿಟರಿ ಲಿಯೋಮಯೋಮಟೋಸಿಸ್ ಅಂಡ್ ರೀನಲ್ ಸೆಲ್ ಕ್ಯಾನ್ಸರ್. ಉದ್ದ ಜಾಸ್ತಿ ಆದ್ದರಿಂದ ಎಲ್ಲರೂ ಎಚ್‌ಎಲ್‌ಆರ್‌ಸಿಸಿ ಎನ್ನುತ್ತಾರೆ. ಹಳೆಯ ರಿಪೋರ್ಟಿನಲ್ಲಿ ರೀಡ್ ಸಿಂಡ್ರೋಮ್ ಎಂದು ಬರೆದಿದ್ದರೆ ಅದೂ ಇದೇ. 1973ರಲ್ಲಿ ರೀಡ್ ಮತ್ತು ಸಂಗಡಿಗರು ಎರಡು ಕುಟುಂಬಗಳನ್ನು ನೋಡಿ ಚರ್ಮದ ಗಂಟಿಗೂ ಗರ್ಭಕೋಶದ ಗಡ್ಡೆಗೂ ಇರುವ ನಂಟನ್ನು ವಿವರಿಸಿದರು. ಕಿಡ್ನಿ ಕ್ಯಾನ್ಸರ್ ಕೂಡ ಇದರ ಭಾಗ ಎಂದು ಸ್ಪಷ್ಟವಾಗಿದ್ದು 2001ರಲ್ಲಿ, ಫಿನ್ಲೆಂಡಿನ ಕುಟುಂಬಗಳ ಅಧ್ಯಯನದಿಂದ. ಮರುವರ್ಷ ಕಾರಣವಾದ ಜೀನ್ ಸಿಕ್ಕಿತು. ಹಾಗಾಗಿ ನಿಮ್ಮ ಅಮ್ಮನಿಗೋ ದೊಡ್ಡಮ್ಮನಿಗೋ ಅದಕ್ಕೂ ಮುಂಚೆ ಗಂಟು ತೋರಿಸಿ ಬಂದ ನೆನಪಿದ್ದರೆ, ಕಿಡ್ನಿಯ ಮಾತನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಆಗ ಅದು ಗೊತ್ತೇ ಇರಲಿಲ್ಲ.

ದೇಹದಲ್ಲಿ ಆಗುವುದೇನು

ಎಫ್‌ಎಚ್ ಎಂಬ ಜೀನ್ ನಮ್ಮೆಲ್ಲರಲ್ಲೂ ಇದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಅದು ಫ್ಯೂಮರೇಟ್ ಹೈಡ್ರಟೇಸ್ ಎಂಬ ಕಿಣ್ವವನ್ನು ಮಾಡಿಸುತ್ತದೆ. ಆಹಾರದಿಂದ ಶಕ್ತಿ ತೆಗೆಯುವ ಕೆಲಸದಲ್ಲಿ ಈ ಕಿಣ್ವದ್ದು ಒಂದು ಹಂತ: ಫ್ಯೂಮರೇಟನ್ನು ಮಾಲೇಟ್ ಆಗಿ ಬದಲಾಯಿಸುವುದು. ಈ ಕಾಯಿಲೆ ಇರುವವರು ಒಂದು ಕೆಟ್ಟ ಪ್ರತಿಯೊಂದಿಗೇ ಹುಟ್ಟುತ್ತಾರೆ. ಇನ್ನೊಂದು ಪ್ರತಿ ಸರಿ ಇರುವ ತನಕ ಆ ಜೀವಕೋಶಕ್ಕೆ ತೊಂದರೆ ಇಲ್ಲ. ಎಲ್ಲೋ ಒಂದು ಕೋಶದಲ್ಲಿ ಅದೂ ಕೆಟ್ಟರೆ ಫ್ಯೂಮರೇಟ್ ಅಲ್ಲೇ ಗುಡ್ಡೆ ಬೀಳುತ್ತದೆ. ಆಮ್ಲಜನಕದ ಕೊರತೆ ಆಗಿದೆಯೇನೋ ಎಂಬಂತೆ ಕೋಶ ವರ್ತಿಸಲು ಶುರುಮಾಡುತ್ತದೆ, ಬೇಡದ ಬೆಳವಣಿಗೆಗೆ ದಾರಿಯಾಗುತ್ತದೆ.

ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50%. ಗಂಡು ಹೆಣ್ಣು ಭೇದ ಇಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ "ಇದು ನಮ್ಮ ಮನೆ ಹೆಂಗಸರ ಕಾಯಿಲೆ" ಎಂದು ಗಂಡಸರು ಪಕ್ಕಕ್ಕೆ ಸರಿದುಬಿಡುತ್ತಾರೆ. ಗರ್ಭಕೋಶದ ಗಡ್ಡೆ ಹೆಂಗಸರಿಗೆ ಮಾತ್ರ, ಸರಿ. ಚರ್ಮ ಮತ್ತು ಕಿಡ್ನಿ ಇಬ್ಬರಿಗೂ ಇವೆ ಅಲ್ವಾ?

ಮೊದಲ ಹೆಜ್ಜೆ: ಗಂಟುಗಳನ್ನು ಸರಿಯಾಗಿ ನೋಡಿಕೊಳ್ಳಿ

ಚಳಿಯಾದಾಗ ಮೈ ಜುಮ್ಮೆಂದು ರೋಮ ಎದ್ದು ನಿಲ್ಲುತ್ತದಲ್ಲ, ಅದನ್ನು ಎತ್ತಿ ನಿಲ್ಲಿಸುವುದು ಪ್ರತಿ ರೋಮದ ಬುಡದಲ್ಲಿರುವ ಪುಟ್ಟ ಸ್ನಾಯು. ಈ ಕಾಯಿಲೆಯ ಚರ್ಮದ ಗಂಟುಗಳು, ಅಂದರೆ ಲಿಯೋಮಯೋಮಾಗಳು, ಬೆಳೆಯುವುದು ಆ ಸ್ನಾಯುವಿನಿಂದಲೇ. ಚಳಿಗೆ ನೋವು ಯಾಕೆ ಎಂಬುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ: ಗಂಟಿನೊಳಗಿನ ಸ್ನಾಯುವೂ ಬಿಗಿದುಕೊಳ್ಳುತ್ತದೆ.

ಗಂಟುಗಳು ಗಟ್ಟಿಯಾಗಿರುತ್ತವೆ. ಬಣ್ಣ ಚರ್ಮದಂತೆಯೇ, ಇಲ್ಲವೇ ತುಸು ಕಂದು ಅಥವಾ ಕೆಂಪು. ಎದೆ, ಬೆನ್ನು, ತೋಳು, ಕಾಲುಗಳಲ್ಲಿ ಜಾಸ್ತಿ, ಕೆಲವೊಮ್ಮೆ ಮುಖದಲ್ಲೂ. ಒಂದೇ ಕಡೆ ಗುಂಪಾಗಿರಬಹುದು, ಪಟ್ಟಿಯಂತೆ ಹರಡಿರಬಹುದು, ಅಲ್ಲೊಂದು ಇಲ್ಲೊಂದು ಚದುರಿರಬಹುದು. ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಇಪ್ಪತ್ತರಿಂದ ನಲವತ್ತರ ನಡುವೆ. ವಯಸ್ಸಾದಂತೆ ಸಂಖ್ಯೆ, ಗಾತ್ರ ಎರಡೂ ಹೆಚ್ಚಬಹುದು. ಎಲ್ಲ ಗಂಟೂ ನೋಯಲೇಬೇಕೆಂದಿಲ್ಲ. ಎಫ್‌ಎಚ್ ದೋಷ ಇರುವ ಎಲ್ಲರಿಗೂ ಗಂಟು ಇರಲೇಬೇಕೆಂದೂ ಇಲ್ಲ.

ವೈದ್ಯರ ಬಳಿ ಹೋಗುವ ಮುಂಚೆ ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಬೆನ್ನಿನದನ್ನು ಮನೆಯವರಿಂದ ತೆಗೆಸಿ. ಯಾವುದು ಯಾವಾಗ ಬಂತು, ಯಾವುದಕ್ಕೆ ನೋಯುತ್ತದೆ ಎಂದು ನಾಲ್ಕು ಸಾಲು ಬರೆಯಿರಿ. "ತಣ್ಣೀರು ತಾಗಿದರೆ ಒಂದೆರಡು ನಿಮಿಷ ಚುಚ್ಚಿದಂತಾಗುತ್ತದೆ" ಎಂಬ ಒಂದು ವಾಕ್ಯ ಚರ್ಮದ ಡಾಕ್ಟರಿಗೆ ಬಹಳಷ್ಟು ಹೇಳುತ್ತದೆ.

ಎರಡನೆಯದು: ಬಯಾಪ್ಸಿ

ನೋಡಿ ಅಂದಾಜು ಮಾಡಿದರೆ ಸಾಲದು. ಕೊಬ್ಬಿನ ಗಂಟು, ನರದ ಗಂಟು, ಗಾಯದ ಗುರುತು, ಹೀಗೆ ಇದನ್ನೇ ಹೋಲುವ ಬೇರೆ ಹಲವು ಇವೆ. ಒಂದು ಗಂಟಿನ ಚೂರನ್ನಾದರೂ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಸ್ಥಳಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಮಾಡುವ ಸಣ್ಣ ಕೆಲಸ ಅದು.

ರಿಪೋರ್ಟಿನಲ್ಲಿ ಲಿಯೋಮಯೋಮಾ ಎಂದು ಬಂದರೆ ಒಂದು ಪ್ರಶ್ನೆ ಕೇಳಿ: "ಇದಕ್ಕೆ ಎಫ್‌ಎಚ್ ಸ್ಟೇನ್ ಮಾಡಬಹುದಾ?" ಗಂಟಿನಲ್ಲಿ ಆ ಕಿಣ್ವ ಇದೆಯೋ ಇಲ್ಲವೋ ಎಂದು ಬಣ್ಣ ಹಾಕಿ ನೋಡುವ ವಿಧಾನ ಅದು. ಜೊತೆಗೆ 2ಎಸ್‌ಸಿ ಎಂಬ ಇನ್ನೊಂದು ಸ್ಟೇನ್ ಕೂಡ ಇದೆ. ಫ್ಯೂಮರೇಟ್ ಗುಡ್ಡೆಬಿದ್ದ ಕುರುಹನ್ನು ಅದು ತೋರಿಸುತ್ತದೆ. ಹಳೆಯ ಫೈಬ್ರಾಯ್ಡ್ ಆಪರೇಷನ್ನಿನ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ಚೂರು) ಲ್ಯಾಬಿನಲ್ಲಿ ಉಳಿದಿದ್ದರೆ ಅದರ ಮೇಲೂ ಈ ಪರೀಕ್ಷೆ ಮಾಡಿಸಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ಫಲಿತಾಂಶ ಅನುಮಾನ ಹುಟ್ಟಿಸಬಲ್ಲದು, ಆದರೆ ಕೊನೆಯ ಮಾತು ಜೀನ್ ಪರೀಕ್ಷೆಯದೇ. ಗಡ್ಡೆಯೊಳಗೆ ಮಾತ್ರ ಜೀನ್ ಕೆಟ್ಟಿದ್ದು, ಹುಟ್ಟಿನಿಂದ ಬಂದಿಲ್ಲದ ಫೈಬ್ರಾಯ್ಡ್‌ಗಳಲ್ಲೂ ಎಫ್‌ಎಚ್ ಕಾಣೆಯಾಗಿರಬಹುದು.

ಮೂರನೆಯದು: ಮನೆತನದ ಚಿತ್ರ ಬರೆಯಿರಿ

ಒಂದು ಹಾಳೆ ಸಾಕು. ನೀವು, ನಿಮ್ಮ ಒಡಹುಟ್ಟಿದವರು, ಮಕ್ಕಳು, ಅಪ್ಪ ಅಮ್ಮ, ಅವರ ಒಡಹುಟ್ಟಿದವರು, ಅಜ್ಜ ಅಜ್ಜಿಯರು, ಎರಡೂ ಕಡೆಯವರು. ಯಾರಿಗೆ ಗಂಟು ಇತ್ತು, ಯಾರಿಗೆ ಕಿಡ್ನಿ ಗಡ್ಡೆ ಇತ್ತು, ಯಾರು ಯಾವ ವಯಸ್ಸಿನಲ್ಲಿ ತೀರಿಕೊಂಡರು ಎಂದು ಗುರುತು ಹಾಕಿ.

ಗರ್ಭಕೋಶದ ವಿಷಯ ಕೇಳುವಾಗ ನೇರವಾಗಿ "ನಿಮಗೆ ಫೈಬ್ರಾಯ್ಡ್ ಇತ್ತಾ?" ಎಂದರೆ ಹಿರಿಯರಿಂದ ಉತ್ತರ ಸಿಗುವುದು ಕಷ್ಟ. ಅವರಿಗೆ ಆ ಹೆಸರೇ ಗೊತ್ತಿರುವುದಿಲ್ಲ. "ಅಜ್ಜಿ, ನಿಮಗೆ ಗರ್ಭಕೋಶ ತೆಗೆಸಿದಾಗ ವಯಸ್ಸೆಷ್ಟು? ಯಾಕೆ ತೆಗೆದರು?" ಎಂದು ಕೇಳಿ. ಮೂವತ್ತರ ಆಸುಪಾಸಿನಲ್ಲೇ ರಕ್ತಸ್ರಾವ ಜಾಸ್ತಿಯಾಗಿ ತೆಗೆಸಿದ್ದರೆ ಅದನ್ನು ಖಂಡಿತ ಬರೆದುಕೊಳ್ಳಿ. ಸಾಮಾನ್ಯ ಫೈಬ್ರಾಯ್ಡ್ 50 ವರ್ಷದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಇರುತ್ತದೆ. ಬರೀ ಫೈಬ್ರಾಯ್ಡ್ ಇದೆ ಎಂದು ಯಾರೂ ಹೆದರಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದ್ದು ಚಿಕ್ಕ ವಯಸ್ಸು, ಗಡ್ಡೆಗಳ ಸಂಖ್ಯೆ, ಗಾತ್ರ, ಮತ್ತು ಅದೇ ಮನೆಯಲ್ಲಿ ಚರ್ಮದ ಗಂಟೋ ಕಿಡ್ನಿ ಗಡ್ಡೆಯೋ ಇರುವುದು.

ನಾಲ್ಕನೆಯದು: ಜೀನ್ ಪರೀಕ್ಷೆ

ಬೇಕಾಗುವುದು ಸ್ವಲ್ಪ ರಕ್ತ ಅಥವಾ ಎಂಜಲು. ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಒಮ್ಮೆ ಕೂತು ಮಾತಾಡಿ. ಫಲಿತಾಂಶ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ, ಅಣ್ಣ ತಂಗಿಯರಿಗೂ ತಟ್ಟುತ್ತದೆ. ವಿಮೆಯ ನಿಯಮ ದೇಶದಿಂದ ದೇಶಕ್ಕೆ ಬೇರೆ, ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಮನೆಯಲ್ಲಿ ಮೊದಲು ಪರೀಕ್ಷೆ ಮಾಡಿಸಬೇಕಾದವರು ಲಕ್ಷಣ ಇರುವವರು. ಆರೋಗ್ಯವಾಗಿರುವ ತಮ್ಮನನ್ನು ಮೊದಲು ಪರೀಕ್ಷಿಸಿ "ಏನೂ ಇಲ್ಲ" ಎಂದು ಬಂದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಕ್ಕನಲ್ಲಿ ನಿರ್ದಿಷ್ಟ ದೋಷ ಸಿಕ್ಕಿದ ಮೇಲೆ ತಮ್ಮನಲ್ಲಿ ಅದೊಂದನ್ನೇ ಹುಡುಕಿದರೆ ಉತ್ತರ ಖಚಿತ. ಆಗ ಇಲ್ಲ ಎಂದರೆ ಇಲ್ಲ. ಅವನಿಗೆ ವರ್ಷವರ್ಷದ ಸ್ಕ್ಯಾನ್ ಬೇಡ, ಅವನ ಮಕ್ಕಳಿಗೂ ಅವನಿಂದ ಬರುವುದಿಲ್ಲ.

ಲ್ಯಾಬನ್ನು ಇನ್ನೊಂದು ಕೇಳಿ: ಜೀನಿನ ಅಕ್ಷರಗಳನ್ನು ಓದುವುದರ ಜೊತೆಗೆ, ಜೀನಿನ ತುಂಡೇ ಬಿಟ್ಟುಹೋಗಿದೆಯೇ ಎಂದೂ ನೋಡುತ್ತೀರಾ? ಕೆಲವು ಕುಟುಂಬಗಳಲ್ಲಿ ಪೂರ್ತಿ ಜೀನೇ ಕಳೆದುಹೋಗಿರುತ್ತದೆ. ಬರೀ ಅಕ್ಷರ ಓದುವ ಪರೀಕ್ಷೆಗೆ ಅದು ಸಿಗದೇ ಹೋಗಬಹುದು.

ಫಲಿತಾಂಶ ಮೂರು ಬಗೆ. ರೋಗ ತರುವ ದೋಷ ಇದೆ ಎಂದಾದರೆ ಮುಂದಿನ ದಾರಿ ನೇರ. ಏನೂ ಸಿಗಲಿಲ್ಲ, ಆದರೆ ಬಯಾಪ್ಸಿಯಲ್ಲಿ ಖಚಿತವಾದ ಗಂಟುಗಳು ಹಲವಾರಿವೆ ಎಂದಾದರೆ ಕಾಯಿಲೆ ಇಲ್ಲ ಎಂದು ಎದ್ದು ಹೋಗಬೇಡಿ. ಕಾಯಿಲೆ ಇದ್ದೂ ದೋಷ ಪತ್ತೆಯಾಗದ ಕುಟುಂಬಗಳಿವೆ. ಮೂರನೆಯದು ತಲೆಕೆಡಿಸುವಂಥದ್ದು: ಬದಲಾವಣೆ ಇದೆ, ಆದರೆ ಅದರ ಅರ್ಥ ಇನ್ನೂ ಗೊತ್ತಿಲ್ಲ. ರಿಪೋರ್ಟಿನಲ್ಲಿ ವಿಯುಎಸ್ ಎಂದು ಇರುತ್ತದೆ. ಆ ಒಂದನ್ನೇ ನೆಚ್ಚಿಕೊಂಡು ಮನೆಯವರ ಮೇಲೆಲ್ಲ ತೀರ್ಮಾನ ಹೇರಬಾರದು. ವರ್ಷ ಎರಡು ವರ್ಷಕ್ಕೊಮ್ಮೆ "ಇದರ ವರ್ಗೀಕರಣ ಬದಲಾಗಿದೆಯಾ?" ಎಂದು ಕೇಳುತ್ತಿರಿ.

ಐದನೆಯದು: ಕಿಡ್ನಿ. ಇದೇ ಮುಖ್ಯ

ಚರ್ಮದ ಗಂಟು ನೋಯಿಸುತ್ತದೆ, ಫೈಬ್ರಾಯ್ಡ್ ಹೈರಾಣ ಮಾಡುತ್ತದೆ. ಜೀವಕ್ಕೆ ಅಪಾಯ ತರುವುದು ಕಿಡ್ನಿ. ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಈ ಕಾಯಿಲೆ ಪತ್ತೆಯಾದ ಕುಟುಂಬಗಳಲ್ಲಿ, ಎಫ್‌ಎಚ್ ದೋಷ ಇರುವ ನೂರು ಜನರಲ್ಲಿ ಸುಮಾರು 15 ಮಂದಿಗೆ ಬದುಕಿನಲ್ಲಿ ಎಂದಾದರೂ ಕಿಡ್ನಿ ಕ್ಯಾನ್ಸರ್ ಬರಬಹುದು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅಂದರೆ ಬಹುಪಾಲು ಜನರಿಗೆ ಬರುವುದಿಲ್ಲ. ಆದರೆ ಬಂದರೆ ಅದು ತಾಳ್ಮೆಯ ಕ್ಯಾನ್ಸರ್ ಅಲ್ಲ. ಪತ್ತೆಯಾಗುವ ವಯಸ್ಸು ಸಾಮಾನ್ಯವಾಗಿ ನಲವತ್ತರ ಆಸುಪಾಸು, ಮಕ್ಕಳಲ್ಲೂ ಅಪರೂಪಕ್ಕೆ ಕಂಡಿದೆ. ಹೆಚ್ಚಾಗಿ ಒಂದೇ ಕಿಡ್ನಿಯಲ್ಲಿ ಒಂದೇ ಗಡ್ಡೆ. ಚಿಕ್ಕದಿರುವಾಗಲೇ ಬೇರೆ ಕಡೆಗೆ ಹರಡಬಲ್ಲದು. ವಂಶದಲ್ಲಿ ಬರುವ ಇನ್ನು ಕೆಲವು ಕಿಡ್ನಿ ಗಡ್ಡೆಗಳಲ್ಲಿ, ಉದಾಹರಣೆಗೆ ವಾನ್ ಹಿಪೆಲ್ ಲಿಂಡೌ ಕಾಯಿಲೆಯಲ್ಲಿ, ಗಡ್ಡೆ 3 ಸೆಂಟಿಮೀಟರ್ ಆಗುವ ತನಕ ಕಾದು ನೋಡುವ ಕ್ರಮ ಇದೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗಟ್ಟಿ ಗಡ್ಡೆ ಕಂಡರೆ ತಡಮಾಡದೆ, ಸುತ್ತಲಿನ ಆರೋಗ್ಯವಾದ ಅಂಚನ್ನೂ ಸೇರಿಸಿ ತೆಗೆಯುವುದೇ ತಜ್ಞರ ಸಲಹೆ. "ಸಣ್ಣದಿದೆ, ಆರು ತಿಂಗಳು ಬಿಟ್ಟು ನೋಡೋಣ" ಎಂದು ಯಾರಾದರೂ ಅಂದರೆ, ಎಚ್‌ಎಲ್‌ಆರ್‌ಸಿಸಿ ಇರುವುದು ಅವರಿಗೆ ಗೊತ್ತಿದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಈ ಕಾಯಿಲೆ ಬಲ್ಲ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಹಿಂಜರಿಯಬೇಡಿ.

ತಪಾಸಣೆ ಹೀಗೆ. ವರ್ಷಕ್ಕೊಮ್ಮೆ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಮೂಡಲು ರಕ್ತನಾಳಕ್ಕೆ ಕೊಡುವ ದ್ರವ) ಕೊಟ್ಟು, ಕಿಡ್ನಿಯನ್ನು ತೆಳು ಪದರಗಳಲ್ಲಿ ನೋಡುವ ಎಂಆರ್‌ಐ. ಶುರು ಮಾಡುವುದು 8ರಿಂದ 10ನೇ ವಯಸ್ಸಿಗೆ. ನಿಲ್ಲಿಸುವ ವಯಸ್ಸು ಎಂದು ಇಲ್ಲ, ಬದುಕಿನುದ್ದಕ್ಕೂ ಮುಂದುವರಿಸಬೇಕು. ಸಿಟಿ ಸ್ಕ್ಯಾನ್ ವರ್ಷವರ್ಷ ಮಾಡಿಸಿದರೆ ವಿಕಿರಣ ಮೈಗೆ ಸೇರುತ್ತಾ ಹೋಗುತ್ತದೆ. ಅದಕ್ಕೇ ಎಂಆರ್‌ಐಗೆ ಆದ್ಯತೆ.

"ಅಲ್ಟ್ರಾಸೌಂಡ್ ಮಾಡಿಸಿದ್ದೇವೆ, ಕಿಡ್ನಿ ಚೆನ್ನಾಗಿದೆ" ಎಂಬ ಸಮಾಧಾನ ಇಲ್ಲಿ ಅಪಾಯಕಾರಿ. ಈ ಬಗೆಯ ಗಡ್ಡೆ ಅಲ್ಟ್ರಾಸೌಂಡಿನಲ್ಲಿ ಸುತ್ತಲಿನ ಅಂಗಾಂಶದ ಬಣ್ಣದಲ್ಲೇ ಬೆರೆತುಹೋಗಿ ಕಾಣದೇ ಉಳಿಯಬಹುದು. ಬೇರೆ ಏನನ್ನೋ ಸ್ಪಷ್ಟಪಡಿಸಲು ಜೊತೆಗೆ ಮಾಡಿದರೆ ಸರಿ, ಎಂಆರ್‌ಐ ಬದಲಿಗೆ ಅದು ಬೇಡ. ಕ್ರಿಯೇಟಿನಿನ್ ರಕ್ತಪರೀಕ್ಷೆ ಸರಿ ಬಂತು ಎಂದು ಸುಮ್ಮನಾಗುವುದೂ ತಪ್ಪೇ. ಅದು ಕಿಡ್ನಿಯ ಕೆಲಸ ಹೇಗಿದೆ ಎಂದು ಹೇಳುತ್ತದೆ, ಗಡ್ಡೆ ಇದೆಯೇ ಎಂದು ಹೇಳುವುದಿಲ್ಲ.

ಸ್ಕ್ಯಾನ್ ಚೀಟಿಯಲ್ಲಿ ಸುಮ್ನೆ "ಹೊಟ್ಟೆಯ ಎಂಆರ್‌ಐ" ಎಂದು ಬರೆಸಬೇಡಿ. "ಎಚ್‌ಎಲ್‌ಆರ್‌ಸಿಸಿ, ಕಿಡ್ನಿ ಗಡ್ಡೆಗಾಗಿ ತಪಾಸಣೆ" ಎಂದೇ ಬರೆಸಿ. ಈ ಕಾಯಿಲೆಯಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆಗಳೂ ಕಾಣಿಸುತ್ತವೆ. ಬೇರೆಯವರಲ್ಲಾದರೆ ತಲೆಕೆಡಿಸಿಕೊಳ್ಳದ ಗುಳ್ಳೆಯನ್ನು ಇಲ್ಲಿ ರೇಡಿಯಾಲಜಿಸ್ಟ್ ಎರಡು ಸಲ ನೋಡಬೇಕಾಗುತ್ತದೆ. ಕಾರಣ ಗೊತ್ತಿದ್ದರೆ ತಾನೇ ನೋಡುವುದು? ಪ್ರತಿ ಸಲ ಹಿಂದಿನ ವರ್ಷದ ಸಿಡಿ ತೆಗೆದುಕೊಂಡು ಹೋಗಿ.

ಬಸುರಿಯಾಗಿದ್ದರೆ ಅಥವಾ ಇರಬಹುದು ಎನಿಸಿದರೆ ಕಾಂಟ್ರಾಸ್ಟ್ ಕೊಡುವ ಮುಂಚೆ ಹೇಳಲೇಬೇಕು. ಎರಡು ಸ್ಕ್ಯಾನ್‌ಗಳ ನಡುವೆ ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ. ಹಾಗಂತ ಲಕ್ಷಣ ಬರಲಿ ನೋಡೋಣ ಎಂದು ಸ್ಕ್ಯಾನ್ ಮುಂದೂಡಲೂಬೇಡಿ. ಲಕ್ಷಣ ಬರುವ ಹೊತ್ತಿಗೆ ತಡವಾಗಿರಬಹುದು. ಬೀಡಿ ಸಿಗರೇಟಿನ ಚಟ ಇದ್ದರೆ ಬಿಡಿ. ಕಿಡ್ನಿ ಕ್ಯಾನ್ಸರಿಗೆ ಅದು ಹೇಗೂ ಕುಮ್ಮಕ್ಕು ಕೊಡುತ್ತದೆ.

ಆರನೆಯದು: ಗರ್ಭಕೋಶ

ಎಫ್‌ಎಚ್ ದೋಷ ಇರುವ ಹೆಂಗಸರಲ್ಲಿ ಫೈಬ್ರಾಯ್ಡ್ ಬರುವವರೇ ಜಾಸ್ತಿ. ಪತ್ತೆಯಾಗುವ ಸರಾಸರಿ ವಯಸ್ಸು 30ರ ಹತ್ತಿರ. ಹಲವಾರು ಇರುತ್ತವೆ, ದೊಡ್ಡದಾಗಿ ಬೆಳೆಯುತ್ತವೆ. ಮುಟ್ಟಿನಲ್ಲಿ ವಿಪರೀತ ರಕ್ತ, ಹೊಟ್ಟೆಯ ಕೆಳಭಾಗದಲ್ಲಿ ಭಾರ, ಪದೇಪದೇ ಮೂತ್ರ, ಗರ್ಭ ನಿಲ್ಲುವುದರಲ್ಲಿ ತೊಂದರೆ, ಇವು ಸಾಮಾನ್ಯ ದೂರುಗಳು. ಗಂಟೆಗೊಂದು ಪ್ಯಾಡ್ ಬದಲಾಯಿಸಬೇಕಾಗುತ್ತಿದ್ದರೆ ಅದು ಸಹಿಸಿಕೊಳ್ಳುವ ವಿಷಯವೇ ಅಲ್ಲ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ವೈದ್ಯರಿಗೆ ಹೇಳಿ. ಇಪ್ಪತ್ತು ವಯಸ್ಸಿನಿಂದ ವರ್ಷಕ್ಕೊಮ್ಮೆ ಸ್ತ್ರೀರೋಗ ತಜ್ಞರನ್ನು ನೋಡುವುದು ಒಳ್ಳೆಯದು.

ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ಪುಟ್ಟ ಸಾಧನ (ಐಯುಡಿ), ಗಡ್ಡೆ ಕುಗ್ಗಿಸುವ ಇಂಜೆಕ್ಷನ್, ಗಡ್ಡೆ ಮಾತ್ರ ತೆಗೆಯುವ ಮಯೋಮೆಕ್ಟಮಿ, ಕೊನೆಗೆ ಗರ್ಭಕೋಶವನ್ನೇ ತೆಗೆಯುವುದು, ಇವೆಲ್ಲ ಉಳಿದ ಫೈಬ್ರಾಯ್ಡ್‌ಗಳಿಗೆ ಇರುವ ದಾರಿಗಳೇ. ವ್ಯತ್ಯಾಸ ಇರುವುದು ಸಮಯದಲ್ಲಿ. ಇಲ್ಲಿ ಆಪರೇಷನ್ ಮಾತು ಬೇಗ ಬರುತ್ತದೆ. ಹಾಗಾಗಿ ಮಕ್ಕಳು ಬೇಕೆಂದಿದ್ದರೆ ಆ ಮಾತನ್ನು ಮೊದಲ ಭೇಟಿಯಲ್ಲೇ ತೆಗೆಯಿರಿ. ಬೇಗ ಮದುವೆಯಾಗು, ಬೇಗ ಮಗು ಮಾಡಿಕೋ ಎಂದು ಹುಡುಗಿಯ ಮೇಲೆ ಒತ್ತಡ ಹಾಕಲು ಇದನ್ನು ನೆಪ ಮಾಡಿಕೊಳ್ಳುವುದು ಬೇರೆ ವಿಷಯ, ಅದು ಬೇಡ. ನಿರ್ಧಾರ ಅವಳದು. ಗೊತ್ತಿದ್ದು ನಿರ್ಧರಿಸಲಿ ಎಂಬುದಷ್ಟೇ ನನ್ನ ಮಾತು.

ಕೀಹೋಲ್ ಆಪರೇಷನ್ ಆದರೆ ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಚೂರು ಮಾಡಿ ತೆಗೆಯುತ್ತಾರೆಯೇ ಎಂದು ಕೇಳಿ. ಒಳಗೆ ಗೊತ್ತಿಲ್ಲದ ಕ್ಯಾನ್ಸರ್ ಇದ್ದರೆ ಚೂರುಗಳ ಜೊತೆ ಅದೂ ಹರಡಬಹುದು. ಈ ಕಾಯಿಲೆಯಲ್ಲಿ ಗರ್ಭಕೋಶದ ಕ್ಯಾನ್ಸರ್ ಗಡ್ಡೆ ಬಹಳ ಅಪರೂಪ, ಆದರೂ ಆ ಪ್ರಶ್ನೆ ಕೇಳಿಬಿಡುವುದು ವಾಸಿ. ತೆಗೆದದ್ದನ್ನು ಪರೀಕ್ಷೆಗೆ ಕಳಿಸುವಾಗ ಎಚ್‌ಎಲ್‌ಆರ್‌ಸಿಸಿ ಎಂದು ಬರೆಸಲು ಮರೆಯಬೇಡಿ.

ಏಳನೆಯದು: ಗಂಟಿನ ನೋವು

ನೋವಿಲ್ಲದ ಗಂಟನ್ನು ಏನೂ ಮಾಡಬೇಕಾಗಿಲ್ಲ. ನೋಯುವುದು ಒಂದೆರಡೇ ಆದರೆ ಕತ್ತರಿಸಿ ತೆಗೆಸಬಹುದು. ಅದೇ ಜಾಗದಲ್ಲಿ ಮತ್ತೆ ಬರಬಹುದು ಎಂಬುದು ಗೊತ್ತಿರಲಿ. ಹಲವಾರು ಇದ್ದರೆ ಕೆಲವರಿಗೆ ಲೇಸರ್ ಅಥವಾ ಅತಿ ತಂಪಿನ ಚಿಕಿತ್ಸೆ ಮಾಡುತ್ತಾರೆ. ಮಾತ್ರೆಗಳಲ್ಲಿ ನಿಫೆಡಿಪಿನ್, ಡಾಕ್ಸಜೋಸಿನ್, ಗ್ಯಾಬಪೆಂಟಿನ್ ಮುಂತಾದವನ್ನು ಪ್ರಯತ್ನಿಸುವುದುಂಟು. ಮೊದಲಿನ ಎರಡು ಬಿಪಿ ಇಳಿಸುವ ಮಾತ್ರೆಗಳು, ಗ್ಯಾಬಪೆಂಟಿನ್ ಮಂಪರು ತರಿಸುತ್ತದೆ. ವೈದ್ಯರಿಲ್ಲದೆ ಕೈಹಾಕಬೇಡಿ. ಚಳಿಯಲ್ಲಿ ಮೈ ಮುಚ್ಚುವ ಬಟ್ಟೆ, ಗಂಟಿಗೆ ಉಜ್ಜದ ಹೊಲಿಗೆ, ಇಷ್ಟರಿಂದಲೂ ತುಸು ನೆಮ್ಮದಿ ಸಿಗುತ್ತದೆ. ವರ್ಷ ಎರಡು ವರ್ಷಕ್ಕೊಮ್ಮೆ ಚರ್ಮ ಪೂರ್ತಿ ತೋರಿಸಿ. ಒಂದು ಗಂಟು ಇದ್ದಕ್ಕಿದ್ದಂತೆ ಬೆಳೆದರೆ ಅಥವಾ ಹುಣ್ಣಾದರೆ ಕೂಡಲೇ ತೋರಿಸಿ.

ಮಕ್ಕಳಿಗೆ, ಒಡಹುಟ್ಟಿದವರಿಗೆ ಹೇಳುವುದು

ಇದು ಬಹಳ ಕಷ್ಟದ ಹೆಜ್ಜೆ. ಕೆಲವರು ಹೆದರಿಸಬಾರದೆಂದು ಹೇಳುವುದೇ ಇಲ್ಲ. ಆದರೆ ತಪಾಸಣೆ ಶುರುವಾಗಬೇಕಾದ್ದು 8–10ನೇ ವಯಸ್ಸಿಗೆ. ದೊಡ್ಡವರಾದ ಮೇಲೆ ಹೇಳೋಣ ಎಂದರೆ ಅಷ್ಟು ವರ್ಷ ಹೋಯಿತು. ಮಗುವಿಗೆ ಜೀನ್ ಪರೀಕ್ಷೆ ಮಾಡಿಸುವುದಕ್ಕೂ ಅದೇ ವಯಸ್ಸು ಸೂಕ್ತ, ಏಕೆಂದರೆ ಫಲಿತಾಂಶದಿಂದ ಮಾಡುವುದಕ್ಕೆ ಏನೋ ಇದೆ. ಮಗುವಿಗೆ, "ನಮ್ಮ ಮನೆಯಲ್ಲಿ ಕೆಲವರು ವರ್ಷಕ್ಕೊಮ್ಮೆ ಕಿಡ್ನಿ ಫೋಟೊ ತೆಗೆಸಿಕೊಳ್ಳಬೇಕು, ನೀನೂ ಅವರಲ್ಲೊಬ್ಬನಾ ನೋಡೋಣ" ಎಂದರೆ ಸಾಕು.

ದೂರದ ನೆಂಟರಿಗೆ ಫೋನಿನಲ್ಲಿ ವಿವರಿಸುವುದಕ್ಕಿಂತ ಪತ್ರ ಕಳಿಸುವುದು ಸುಲಭ. ಕಾಯಿಲೆಯ ಹೆಸರು, ಜೀನಿನ ಹೆಸರು, ನಿಮ್ಮಲ್ಲಿ ಸಿಕ್ಕ ನಿರ್ದಿಷ್ಟ ದೋಷ, ಏನು ಮಾಡಿಸಬೇಕು, ಇಷ್ಟು ಅದರಲ್ಲಿರಲಿ. ಕೌನ್ಸೆಲರ್ ಇಂಥ ಪತ್ರ ಬರೆದುಕೊಡುತ್ತಾರೆ.

ಮಗುವಿಗೆ ಯೋಜಿಸುವವರಿಗೆ ಒಂದು ಮಾತು. ಗಂಡ ಹೆಂಡತಿ ಇಬ್ಬರಲ್ಲೂ ಎಫ್‌ಎಚ್ ದೋಷ ಇದ್ದರೆ, ಎರಡೂ ಕೆಟ್ಟ ಪ್ರತಿ ಮಗುವಿಗೆ ಹೋಗುವ ಸಾಧ್ಯತೆ 25%. ಅದು ಫ್ಯೂಮರೇಸ್ ಕೊರತೆ ಎಂಬ ಬೇರೆಯೇ ಕಾಯಿಲೆ, ಎಳೆ ಮಗುವಿನ ಮೆದುಳಿಗೆ ತೀವ್ರ ಹಾನಿ ಮಾಡುತ್ತದೆ. ದಂಪತಿ ರಕ್ತಸಂಬಂಧಿಗಳಾಗಿದ್ದರೆ ಇನ್ನೊಬ್ಬರ ಪರೀಕ್ಷೆಯನ್ನೂ ಮಾಡಿಸಿ. ಐವಿಎಫ್ ಮೂಲಕ ಭ್ರೂಣವನ್ನು ಪರೀಕ್ಷಿಸಿ ಗರ್ಭಕ್ಕೆ ಸೇರಿಸುವ ದಾರಿಯೂ ಇದೆ, ಬೇಕೆನ್ನುವವರು ಗರ್ಭ ಧರಿಸುವ ಮುಂಚೆಯೇ ವಿಚಾರಿಸಬೇಕು.

ಕೊನೆಯದು: ಒಂದು ಫೈಲ್

ಮೂರು ವಿಭಾಗದ ವೈದ್ಯರು ಒಬ್ಬರ ಟಿಪ್ಪಣಿ ಇನ್ನೊಬ್ಬರು ಓದುತ್ತಾರೆ ಎಂದು ನಂಬಿ ಕೂರಬೇಡಿ. ಫೈಲ್ ನಿಮ್ಮ ಕೈಯಲ್ಲಿರಲಿ. ಜೀನ್ ರಿಪೋರ್ಟ್, ಬಯಾಪ್ಸಿ ರಿಪೋರ್ಟ್, ಎಂಆರ್‌ಐ ರಿಪೋರ್ಟ್ ಮತ್ತು ಸಿಡಿ, ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ, ಮನೆತನದ ಚಿತ್ರ. ಎಲ್ಲದರ ಮೇಲೆ ಒಂದು ಹಾಳೆ ಇಡಿ: ಕಾಯಿಲೆಯ ಹೆಸರು, ಎಫ್‌ಎಚ್ ದೋಷದ ವಿವರ, ಕೊನೆಯ ಎಂಆರ್‌ಐ ದಿನಾಂಕ, ಮುಂದಿನ ಎಂಆರ್‌ಐ ತಿಂಗಳು. ಊರು ಬದಲಾಯಿಸಿದಾಗ, ಡಾಕ್ಟರು ಬದಲಾದಾಗ ವರ್ಷದ ಸ್ಕ್ಯಾನ್ ತಪ್ಪುವುದು ಹೆಚ್ಚು. ಹೊಸ ಡಾಕ್ಟರ ಮುಂದೆ ಕೂತಾಗ ಮೊದಲು ಆ ಹಾಳೆ ಕೊಡಿ, ಏಳುವ ಮುಂಚೆ ಮುಂದಿನ ಸ್ಕ್ಯಾನಿನ ಚೀಟಿ ಬರೆಸಿಕೊಳ್ಳಿ.